ದಾವಣಗೆರೆಗೆ ವರ್ಗವಾಗಿದೆ, ಮಕ್ಕಳ ಸ್ಕೂಲಿಗಾಗಿ ಯಾವ ಏರಿಯಾದಲ್ಲಿ ಮನೆ ಮಾಡೋಣ?

ಪ್ರಶ್ನೆ: ನಾವು ಬೆಂಗಳೂರಿನ ರಾಜಾಜಿನಗರದಲ್ಲಿದ್ದೇವೆ. ಯಜಮಾನರು ಬ್ಯಾಂಕಿನಲ್ಲಿದ್ದಾರೆ, ದಾವಣಗೆರೆಗೆ ವರ್ಗವಾಗಿದೆ. ಮಗಳು ಸಿಬಿಎಸ್‌ಇಯಲ್ಲಿ 7ನೇ ಕ್ಲಾಸ್ ಮುಗಿಸುತ್ತಿದ್ದಾಳೆ, ಮಗ ಯುಕೆಜಿ. ಊರು ನಮಗೆ ಪೂರ್ತಿ ಹೊಸದು. ಕೆಲವರು ವಿದ್ಯಾನಗರ ಅನ್ನುತ್ತಾರೆ, ಕೆಲವರು ಎಂಸಿಸಿ ಬಿ ಬ್ಲಾಕ್ ಅನ್ನುತ್ತಾರೆ. ಮೇ ತಿಂಗಳಲ್ಲಿ ಎರಡು ದಿನ ಬಂದು ಮನೆ ನೋಡಿ ಅಡ್ವಾನ್ಸ್ ಕೊಡೋಣ ಅಂತಿದ್ದೇವೆ. ಒಳ್ಳೆಯ ಸ್ಕೂಲುಗಳಿರುವ ಏರಿಯಾ ಯಾವುದು ಹೇಳಿ, ಅಲ್ಲೇ ಮನೆ ಹಿಡಿಯುತ್ತೇವೆ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಅಂಥ ಏರಿಯಾ ದಾವಣಗೆರೆಯಲ್ಲಿ ಇಲ್ಲ. ಒಳ್ಳೆಯ ಸ್ಕೂಲು ಇಲ್ಲ ಅಂತಲ್ಲ ಮತ್ತೆ, ಬೇಕಾದಷ್ಟಿವೆ. ಆದರೆ ಇಲ್ಲಿ ನಿಮ್ಮ ಮನೆ ವಿಳಾಸ ನೋಡಿ ಯಾರೂ ಸೀಟು ಕೊಡುವುದಿಲ್ಲ. ವಿದ್ಯಾನಗರದಲ್ಲಿ ಮನೆ ಮಾಡಿದವರ ಮಗು ದಿನಾ ಬೆಳಿಗ್ಗೆ ವ್ಯಾನ್ ಹತ್ತಿ ಊರಿನ ಇನ್ನೊಂದು ತುದಿಗೆ ಹೋಗುತ್ತದೆ, ಆ ತುದಿಯ ಮಗು ವಿದ್ಯಾನಗರಕ್ಕೆ ಬರುತ್ತದೆ. ಎರಡು ವ್ಯಾನೂ ಜಯದೇವ ಸರ್ಕಲ್ ಹತ್ತಿರ ಎದುರುಬದುರಾಗುತ್ತವೆ. ನಾನು ಇದನ್ನು ಎಷ್ಟು ವರ್ಷ ನೋಡಿದ್ದೇನೋ ಲೆಕ್ಕ ಇಲ್ಲ.

"ಒಳ್ಳೆಯ ಸ್ಕೂಲಿರುವ ಏರಿಯಾ" ಅನ್ನುವ ಮಾತು ನಮಗೆ ಹೊರದೇಶದಲ್ಲಿರುವ ನೆಂಟರಿಂದ ಬಂದಿದ್ದು ಅಂತ ನನಗೆ ಅನುಮಾನ. ಅಮೆರಿಕದಲ್ಲಿ ಸರ್ಕಾರಿ ಸ್ಕೂಲಿಗೆ ಸೇರಿಸಬೇಕಾದರೆ ಸಾಮಾನ್ಯವಾಗಿ ಆ ಸ್ಕೂಲಿನ ಹದ್ದಿನೊಳಗೆ ಮನೆ ಇರಬೇಕು. ಹಾಗಾಗಿ ಅಲ್ಲಿಯವರು ಮೊದಲು ಸ್ಕೂಲ್ ನೋಡಿ ಮನೆ ಕೊಳ್ಳುತ್ತಾರೆ, ಆ ಮನೆಗೆ ಬೆಲೆಯೂ ಜಾಸ್ತಿ. ಅವರಿಗೆ ಅದು ಸರಿ. ನಮ್ಮಲ್ಲಿ ಖಾಸಗಿ ಸ್ಕೂಲಿಗೆ ಫೀಸು ಕಟ್ಟುವವರಿಗೆ ಹದ್ದು ಎಲ್ಲಿಂದ ಬಂತು?

ಇಲ್ಲಿ ವಿಳಾಸ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಆರ್‌ಟಿಇ ಸೀಟಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ಖಾಸಗಿ ಸ್ಕೂಲಿನಲ್ಲಿ ಶೇ 25 ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಇತ್ತು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿತು, ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಈಗ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಸ್ಕೂಲಿದ್ದರೆ ಪಕ್ಕದ ಖಾಸಗಿ ಸ್ಕೂಲಿನಲ್ಲಿ ಆ ಸೀಟು ಸಿಗುವುದಿಲ್ಲ. ದಾವಣಗೆರೆಯಂಥ ಹಳೇ ಊರಿನಲ್ಲಿ ಹತ್ತಿರ ಒಂದು ಸರ್ಕಾರಿ ಸ್ಕೂಲಿಲ್ಲದ ಬಡಾವಣೆ ಹುಡುಕುವುದೇ ಕಷ್ಟ. ನಿಮ್ಮ ಮನೆಯ ಆದಾಯಕ್ಕೆ ಅದು ಅನ್ವಯಿಸುವುದೂ ಇಲ್ಲ ಬಿಡಿ. ಆದರೂ ಬರೆದೆ, ಯಾಕೆಂದರೆ "ಇಂಥ ವಾರ್ಡಲ್ಲಿ ಬಾಡಿಗೆ ಕರಾರು ಮಾಡಿಸಿ, ಸೀಟು ಗ್ಯಾರಂಟಿ" ಅನ್ನುವ ಬ್ರೋಕರುಗಳು ಇನ್ನೂ ಇದ್ದಾರೆ.

ಹಾಗಾದರೆ ಮನೆ ಎಲ್ಲಿ ಮಾಡಬೇಕು? ಮೊದಲು ಮಗಳ ಸ್ಕೂಲ್ ಗೊತ್ತು ಮಾಡಿ. ಆಮೇಲೆ ಆ ಸ್ಕೂಲಿಗೆ ಅವಳು ತಾನೇ ನಡೆದೋ ಸೈಕಲ್ಲಿನಲ್ಲೋ ಹೋಗಿಬರಬಹುದಾದ ಕಡೆ ಮನೆ ಹುಡುಕಿ. ನನ್ನ ಸಲಹೆ ಇಷ್ಟೇ. ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಅನ್ನುವ ವಿವರ.

ನಾನು ಮೂವತ್ತು ವರ್ಷ ಇಲಾಖೆಯಲ್ಲಿದ್ದವಳು. ಮೊದಲು ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಕೊನೆಯ ಕೆಲವು ವರ್ಷ ಹೆಗಲಿಗೆ ಬ್ಯಾಗು ಹಾಕಿಕೊಂಡು ಸ್ಕೂಲಿಂದ ಸ್ಕೂಲಿಗೆ ತಿರುಗುವ ಕೆಲಸ. ಆದರೂ ನನ್ನ ಸ್ವಂತ ಮಗನ ವಿಷಯದಲ್ಲಿ ನೀವು ಈಗ ಮಾಡಲು ಹೊರಟಿರುವ ತಪ್ಪನ್ನೇ ಮಾಡಿದೆ. 1999ರಲ್ಲಿ ಚನ್ನಗಿರಿ ಕಡೆಯಿಂದ ದಾವಣಗೆರೆಗೆ ವರ್ಗವಾಗಿ ಬಂದಾಗ, ಹೆಸರುವಾಸಿ ಸ್ಕೂಲೊಂದರ ಹಿಂದಿನ ರಸ್ತೆಯಲ್ಲೇ ಬಾಡಿಗೆ ಮನೆ ಹಿಡಿದೆವು. ನಮ್ಮ ಹಿತ್ತಲ ಗೋಡೆ, ಅವರ ಕಾಂಪೌಂಡ್ ಗೋಡೆ ಒಂದೇ. ಏಪ್ರಿಲ್‌ನಲ್ಲಿ ಅಡ್ವಾನ್ಸ್ ಕೊಟ್ಟೆವು. ಜೂನ್ ಮೊದಲ ವಾರ ಹೋದರೆ 5ನೇ ಕ್ಲಾಸಿಗೆ ಸೀಟಿಲ್ಲ ಅಂದರು. ಹೊಸ ಸೀಟೆಲ್ಲ ಎಲ್‌ಕೆಜಿಯಲ್ಲೇ ತುಂಬುತ್ತವಂತೆ. ಕೊನೆಗೆ ಹಳಿಯ ಆ ಕಡೆ ಒಂದು ಸ್ಕೂಲ್ ಸಿಕ್ಕಿತು. ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಗೋಡೆಯಾಚೆಯಿಂದ ಪ್ರಾರ್ಥನೆ ಕೇಳಿಸುತ್ತಿತ್ತು, ಆ ಹೊತ್ತಿಗೆ ನನ್ನ ಮಗ ರೈಲ್ವೆ ಗೇಟಿನ ಮುಂದೆ ಸೈಕಲ್ ಹಿಡಿದುಕೊಂಡು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ನಿಂತಿರುತ್ತಿದ್ದ. ಲೇಟಾದ ದಿನ ಅವನ ಸ್ಕೂಲಿನಲ್ಲಿ ಗೇಟಿನಾಚೆ ನಿಲ್ಲಿಸುತ್ತಿದ್ದರು. ಮನೆಗೆ ಬಂದು ಹೇಳಿದ್ದೇ ಇಲ್ಲ, ಡೈರಿಯಲ್ಲಿ ಕೆಂಪು ಗುರುತು ನೋಡಿ ನನಗೆ ಗೊತ್ತಾಗಿದ್ದು. ನಾನೂ ಲೇಟಾಗಿ ಬಂದ ಮಕ್ಕಳನ್ನು ಹಾಗೇ ನಿಲ್ಲಿಸುತ್ತಿದ್ದ ಟೀಚರ್. ಅವತ್ತಿನಿಂದ ಬಿಟ್ಟೆ. ದಸರಾ ರಜೆಯಲ್ಲಿ ಮನೆ ಬದಲಿಸಿದೆವು, ಅಡ್ವಾನ್ಸಿನಲ್ಲಿ ಅರ್ಧ ಹೋಯಿತು.

ಹಾಗಾಗಿ ಮಗಳಿಂದ ಶುರು ಮಾಡಿ. ಮಗನದು ಸುಲಭ, ಆಮೇಲೆ ಬರೋಣ.

8ನೇ ಕ್ಲಾಸಿಗೆ ಬರುತ್ತಿರುವುದು ನಿಮ್ಮ ಅದೃಷ್ಟ. ರಾಜ್ಯ ಪಠ್ಯಕ್ರಮದಲ್ಲಿ ಹೈಸ್ಕೂಲು ಶುರುವಾಗುವುದೇ 8ರಿಂದ. ಎಷ್ಟೋ ಪ್ರೈಮರಿ ಸ್ಕೂಲುಗಳು 7ಕ್ಕೆ ಮುಗಿಯುವುದರಿಂದ ಹೈಸ್ಕೂಲಿನವರು ಆ ವರ್ಷ ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ತಯಾರಾಗಿಯೇ ಇರುತ್ತಾರೆ. ಸೆಕ್ಷನ್ನುಗಳು ಹೊಸದು, ಮಕ್ಕಳೂ ಹೊಸಬರು. ನಿಮ್ಮ ಮಗಳೊಬ್ಬಳೇ ಹೊಸಬಳಾಗಿ ಕೊನೆಯ ಬೆಂಚಿನಲ್ಲಿ ಕೂರಬೇಕಾಗಿಲ್ಲ. ಇದೇ ವರ್ಗ ಎರಡು ವರ್ಷ ತಡವಾಗಿ ಬಂದಿದ್ದರೆ ನಾನು "ಯಜಮಾನರು ಒಬ್ಬರೇ ರೂಂ ಮಾಡಿಕೊಂಡು ಇರಲಿ, ನೀವು ಬೆಂಗಳೂರಲ್ಲೇ ಇರಿ" ಅನ್ನುತ್ತಿದ್ದೆ. ಸಿಬಿಎಸ್‌ಇ 9ನೇ ಕ್ಲಾಸಿನಲ್ಲೇ ಮಕ್ಕಳ ರಿಜಿಸ್ಟ್ರೇಷನ್ ಮಾಡಿಕೊಳ್ಳುತ್ತದೆ, 10ಕ್ಕೆ ಹೊಸದಾಗಿ ಸೇರಬೇಕಾದರೆ ಬೋರ್ಡಿನ ಒಪ್ಪಿಗೆ ಬೇಕು. ಈಗ ಬಂದಿದ್ದೀರಿ ಅಂದ ಮೇಲೆ 10 ಮುಗಿಯುವ ತನಕ ಅವಳನ್ನು ಕದಲಿಸಬೇಡಿ, ಮಧ್ಯದಲ್ಲಿ ಯಜಮಾನರಿಗೆ ಮತ್ತೆ ವರ್ಗವಾದರೂ.

ಸಿಬಿಎಸ್‌ಇಯಲ್ಲೇ ಮುಂದುವರಿಸಬೇಕೋ ರಾಜ್ಯ ಪಠ್ಯಕ್ರಮಕ್ಕೆ ಹಾಕಬೇಕೋ ಅನ್ನುವುದು ನಿಜವಾದ ಪ್ರಶ್ನೆ, ನೀವು ಕೇಳಿಯೇ ಇಲ್ಲ. ವಿಜ್ಞಾನ ಗಣಿತದಲ್ಲಿ ಅಂಥ ದೊಡ್ಡ ಅಂತರ ಈಗ ಉಳಿದಿಲ್ಲ. ತೊಡಕಿರುವುದು ಭಾಷೆಯಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೇ 125 ಅಂಕ. ನಿಮ್ಮ ಮಗಳು ಇಷ್ಟು ದಿನ ಹಿಂದಿಯನ್ನು ಎರಡನೇ ಭಾಷೆಯಾಗಿ ಓದಿ ಕನ್ನಡವನ್ನು ಮೂರನೆಯದಾಗಿ ಸುಮ್ನೆ ಪಾಸಿಗಷ್ಟೇ ಓದಿದ್ದರೆ, 8ರಲ್ಲಿ ಒಮ್ಮೆಗೇ ಕನ್ನಡ ಪ್ರಥಮ ಭಾಷೆ ಅಂದಾಗ ಹಳಗನ್ನಡ ಪದ್ಯ, ಛಂದಸ್ಸು, ಸಮಾಸ, ಪ್ರಬಂಧ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಆರು ತಿಂಗಳಲ್ಲಿ ಹಿಡಿದುಕೊಳ್ಳುತ್ತದೆ, ಅದು ನಿಜ. ಆದರೆ ಆ ಆರು ತಿಂಗಳು ಅಳು ಇರುತ್ತದೆ. ಕೆಲವು ಸ್ಕೂಲುಗಳು ಪ್ರಥಮ ಭಾಷೆ ಸಂಸ್ಕೃತ ಕೊಡುತ್ತವೆ, ಅಂಕ ಸಲೀಸಾಗಿ ಬರುತ್ತದೆ ಅಂತ ಜನ ಮುಗಿಬಿದ್ದು ತೆಗೆದುಕೊಳ್ಳುತ್ತಾರೆ. ನನಗೆ ಅದು ಅಷ್ಟೇನೂ ಇಷ್ಟವಿಲ್ಲ. ಮನೆಮಾತನ್ನು ಅಂಕಕ್ಕಾಗಿ ಬಿಡಿಸುವುದು ಏನು ಚೆಂದ? ಆದರೆ ಅದು ನನ್ನ ಹಟ, ನೀವು ಮಗಳನ್ನು ಕೇಳಿ ನಿರ್ಧಾರ ಮಾಡಿ. ಒಂದು ಮಾತ್ರ ನೆನಪಿಡಿ, ಸಿಬಿಎಸ್‌ಇಯಲ್ಲಿ ಉಳಿದರೂ ಕನ್ನಡದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2015ರ ಕನ್ನಡ ಕಲಿಕೆ ಕಾಯ್ದೆ ಎಲ್ಲ ಬೋರ್ಡಿನ ಸ್ಕೂಲುಗಳಿಗೂ ಇದೆ.

ಪಿಯುಸಿ ಯೋಚನೆ ಈಗಲೇ ಬೇಡ ಅನ್ನಬಹುದು. ದಾವಣಗೆರೆಯಲ್ಲಿ ಆ ಚಿಂತೆ ಕಡಿಮೆ. ಇದು ಪಿಯು ವಿಜ್ಞಾನಕ್ಕೆ ಸುತ್ತಲಿನ ಜಿಲ್ಲೆಗಳಿಂದ ಮಕ್ಕಳು ಬಂದು ಹಾಸ್ಟೆಲ್ಲಿನಲ್ಲಿ ಇರುವ ಊರು. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಿಂದ ಇದೆ, ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ, ಹಾಗಾಗಿ ಓದು ಅನ್ನುವುದು ಈ ಊರಿಗೆ ಹತ್ತಿ ಗಿರಣಿಗಳ ಕಾಲದಿಂದಲೂ ಇನ್ನೊಂದು ಕಸುಬಿನ ಹಾಗೆಯೇ ಆಗಿದೆ. ಗಿರಣಿಗಳು ಮುಚ್ಚಿದವು, ಕಾಲೇಜುಗಳು ಹೆಚ್ಚಿದವು.

ಈಗ ಸಿಬಿಎಸ್‌ಇ ಬೋರ್ಡುಗಳ ವಿಷಯ. ಬೋರ್ಡು ಅಂದರೆ ಗೇಟಿನ ಮೇಲಿನ ಬೋರ್ಡು. "ಸಿಬಿಎಸ್‌ಇ ಮಾದರಿ", "ಸಿಬಿಎಸ್‌ಇ ಪ್ಯಾಟರ್ನ್", "ಇಂಟಿಗ್ರೇಟೆಡ್ ಸಿಬಿಎಸ್‌ಇ ಪಠ್ಯಕ್ರಮ" ಅಂತೆಲ್ಲ ಬರೆದಿರುತ್ತಾರೆ. ಯಾವುದಕ್ಕೂ ಅರ್ಥವಿಲ್ಲ. ಮಾನ್ಯತೆ ರಾಜ್ಯದ್ದು, ಪುಸ್ತಕ ಮಾತ್ರ ಸಿಬಿಎಸ್‌ಇಯದು, ಫೀಸು ಎರಡರದ್ದೂ. ಮಗು 8 ಮುಗಿಸಿ 9ಕ್ಕೆ ಬಂದಾಗ "ರಿಜಿಸ್ಟ್ರೇಷನ್ ನಮ್ಮ ಇನ್ನೊಂದು ಶಾಖೆಯಲ್ಲಿ" ಅಂತ ಶುರುವಾಗುತ್ತದೆ. ಅಫಿಲಿಯೇಷನ್ ನಂಬರ್ ಕೇಳಿ. ಕರ್ನಾಟಕದ ಸ್ಕೂಲುಗಳದು 83ರಿಂದ ಶುರುವಾಗುತ್ತದೆ, ಅದನ್ನು ಸಿಬಿಎಸ್‌ಇಯ ಸರಸ್ ಪೋರ್ಟಲ್‌ನಲ್ಲಿ ಹಾಕಿದರೆ ಸ್ಕೂಲಿನ ಹೆಸರು, ವಿಳಾಸ, ಎಷ್ಟನೇ ಕ್ಲಾಸಿನ ತನಕ ಮಾನ್ಯತೆ, ಯಾವ ವರ್ಷದವರೆಗೆ, ಎಲ್ಲ ಬರುತ್ತದೆ. "ಎಷ್ಟನೇ ಕ್ಲಾಸಿನ ತನಕ" ಅನ್ನುವ ಸಾಲನ್ನು ಎರಡು ಸಲ ಓದಿ. ನಂಬರ್ ಕೇಳಿದ ಕೂಡಲೇ ಕೌಂಟರಿನಲ್ಲಿ ಕೂತವರು ಒಳಗೆ ಹೋಗಿ ಇನ್ನೊಬ್ಬರನ್ನು ಕರೆದುಕೊಂಡು ಬಂದರೆ, ನೀವು ಅಲ್ಲಿಂದಲೇ ವಾಪಸ್ ಬರಬಹುದು.

ಕೇಂದ್ರೀಯ ವಿದ್ಯಾಲಯ ದಾವಣಗೆರೆಯಲ್ಲೂ ಇದೆ. ಯಜಮಾನರದು ಸರ್ಕಾರಿ ಬ್ಯಾಂಕಾದರೆ ಪ್ರಯತ್ನ ಮಾಡಿ. ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರಿಗೆ, ಆಮೇಲೆ ಕೇಂದ್ರದ ಸಾರ್ವಜನಿಕ ಸಂಸ್ಥೆಗಳವರಿಗೆ. ಹಿಂದಿನ 7 ವರ್ಷದಲ್ಲಿ ಎಷ್ಟು ಸಲ ವರ್ಗವಾಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಹಳೇ ವರ್ಗಾವಣೆ ಆದೇಶಗಳನ್ನೆಲ್ಲ ಹುಡುಕಿ ಇಟ್ಟುಕೊಳ್ಳಿ. 1ನೇ ಕ್ಲಾಸಿಗೆ ಆನ್‌ಲೈನ್ ಅರ್ಜಿ. 2ರಿಂದ ಮೇಲೆ ಸೀಟು ಖಾಲಿಯಿದ್ದರೆ ಮಾತ್ರ. ಮಗನಿಗೆ ಸಿಕ್ಕಿ ಮಗಳಿಗೆ ಸಿಗದೆ ಹೋಗಬಹುದು, ಅದಕ್ಕೂ ತಯಾರಿರಿ.

ಮಗನ ವಿಷಯಕ್ಕೆ ಬರೋಣ. ಮೊದಲು ಅವನ ಹುಟ್ಟಿದ ತಾರೀಖು ನೋಡಿ. 1ನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. 2025-26ರಲ್ಲಿ ಅದನ್ನು ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ಕೇಂದ್ರೀಯ ವಿದ್ಯಾಲಯದವರು ಮಾರ್ಚ್ 31ಕ್ಕೆ 6 ತುಂಬಿರಬೇಕು ಅನ್ನುತ್ತಾರೆ. ತುಂಬಿಲ್ಲದಿದ್ದರೆ ಹುಟ್ಟಿದ ತಾರೀಖು ತಿದ್ದಿಸಲು ಹೋಗಬೇಡಿ, ಇನ್ನೊಂದು ವರ್ಷ ಯುಕೆಜಿಯಲ್ಲಿ ಇರಲಿ. ಯಾರ ರೈಲೂ ತಪ್ಪಿ ಹೋಗುವುದಿಲ್ಲ. ಅವನಿಗೆ ಹೆಸರುವಾಸಿ ಸ್ಕೂಲಿಗಿಂತ ಹತ್ತಿರದ ಸ್ಕೂಲ್ ಮುಖ್ಯ. ಆರು ವರ್ಷದ ಮಗು ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿ, ಊರೆಲ್ಲ ಸುತ್ತಿ ಉಳಿದ ಮಕ್ಕಳನ್ನು ತುಂಬಿಸಿಕೊಂಡು ಒಂಬತ್ತಕ್ಕೆ ಇಳಿಯುವುದನ್ನು ನಾನು ನೋಡಿದ್ದೇನೆ. ಸ್ಕೂಲಿರುವುದು ನಾಲ್ಕು ಕಿಲೋಮೀಟರ್ ದೂರದಲ್ಲಿ.

ಇಬ್ಬರನ್ನೂ ಒಂದೇ ಸ್ಕೂಲಿಗೆ ಹಾಕಬೇಕು ಅನ್ನುವ ಆಸೆ ಇರುತ್ತದೆ, ಅಲ್ವಾ? ಆದರೆ ಒಳ್ಳೆಯದು, ಆಗದಿದ್ದರೆ ನಷ್ಟವೇನಿಲ್ಲ. ಚಿಕ್ಕವರನ್ನು ಚೆನ್ನಾಗಿ ನೋಡಿಕೊಳ್ಳುವ ಸ್ಕೂಲು ಹೈಸ್ಕೂಲಿನಲ್ಲಿ ಸಪ್ಪೆ ಇರುವುದು, ಅದೇ ತಿರುಗಾಮುರುಗಾ ಇರುವುದು ಮಾಮೂಲು.

ಈಗ ಏರಿಯಾಗಳು. ಕೇಳಿದ್ದೀರಿ, ಹೇಳದೆ ಇರಲಾಗದು. ಬೆಂಗಳೂರಿನವರಿಗೆ ಮೊದಲು ಹೇಳಬೇಕಾದ್ದು, ಈ ಊರು ಸಣ್ಣದು. 2011ರ ಜನಗಣತಿಯಲ್ಲಿ ಸುಮಾರು ನಾಲ್ಕು ಲಕ್ಷ ಮೂವತ್ತೈದು ಸಾವಿರ ಜನ, ಈಗ ಜಾಸ್ತಿಯಾಗಿದ್ದಾರೆ, ಆದರೂ ಸ್ಕೂಟಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆ ಸಾಕು. ತೊಂದರೆ ದೂರದ್ದಲ್ಲ, ದಾಟುವುದರದ್ದು. ಊರ ನಡುವೆ ರೈಲು ಹಳಿ, ಪಿ.ಬಿ. ರಸ್ತೆ, ಹೊರಗೆ ಹೆದ್ದಾರಿ 48. ಮನೆ ಮತ್ತು ಸ್ಕೂಲು ಇವುಗಳ ಒಂದೇ ಪಕ್ಕ ಇದ್ದರೆ ಅರ್ಧ ತಲೆನೋವು ಕಡಿಮೆ.

ವಿದ್ಯಾನಗರ, ತರಳಬಾಳು ಬಡಾವಣೆ, ಹದಡಿ ರಸ್ತೆಯ ಕಡೆ ಓದುವ ಮಕ್ಕಳ ವಾತಾವರಣ ನಿಜಕ್ಕೂ ಇದೆ. ಯುಬಿಡಿಟಿ ಅಲ್ಲೇ, ತರಳಬಾಳು ಸಂಸ್ಥೆಯ ಅನುಭವ ಮಂಟಪ ಅಲ್ಲೇ. ಟ್ಯೂಷನ್ ಮನೆಗಳು, ಜೆರಾಕ್ಸ್ ಅಂಗಡಿ, ಮೆಸ್ಸು, ಸಂಜೆ ಏಳಕ್ಕೂ ರಸ್ತೆಯಲ್ಲಿ ಸೈಕಲ್ ಮೇಲೆ ಹುಡುಗಿಯರು. ಮಗಳಿಗೆ ಸಂಜೆ ಟ್ಯೂಷನ್ ಬೇಕಾದರೆ ನಡೆದುಕೊಂಡೇ ಹೋಗಿಬರಬಹುದು. ಆದರೆ ಕಾಲೇಜು ಮಕ್ಕಳು ಸೇರಿಕೊಂಡು ಮನೆ ಹಿಡಿಯುವುದರಿಂದ ಜೂನ್ ಹೊತ್ತಿಗೆ ಒಳ್ಳೆಯ ಮನೆ ಉಳಿದಿರುವುದಿಲ್ಲ, ಬಾಡಿಗೆಯೂ ಏರಿರುತ್ತದೆ. ಎಂಸಿಸಿ ಎ, ಬಿ ಬ್ಲಾಕುಗಳು ಮೆಡಿಕಲ್ ಕಾಲೇಜು, ಬಾಪೂಜಿ ಆಸ್ಪತ್ರೆಗೆ ಹತ್ತಿರ. ಮರದ ನೆರಳು, ಅಗಲ ರಸ್ತೆ, ಡಾಕ್ಟರುಗಳ ಮನೆ. ಚೆನ್ನಾಗಿದೆ, ದುಬಾರಿ. ನಿಜಲಿಂಗಪ್ಪ ಬಡಾವಣೆ, ಶಾಮನೂರು ರಸ್ತೆಯದೂ ಹೆಚ್ಚುಕಮ್ಮಿ ಅದೇ ಕಥೆ.

ನನಗೆ ಇಷ್ಟವಾದದ್ದು ಪಿ.ಜೆ. ಬಡಾವಣೆ. ಹಳೇದು, ಮನೆಗಳು ಒತ್ತೊತ್ತಾಗಿವೆ, ಕಾರು ನಿಲ್ಲಿಸಲು ಜಾಗವಿಲ್ಲ, ಸಂಜೆ ರಾಮ್ ಅಂಡ್ ಕೋ ಸರ್ಕಲ್ಲಿನ ಮಂಡಕ್ಕಿ ಮಿರ್ಚಿ ಜನಜಂಗುಳಿಯಲ್ಲಿ ಗಾಡಿ ತಿರುಗಿಸುವುದು ಒಂದು ಸಾಹಸ. ಆದರೆ ಮಗು ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ಸ್ಕೂಲು, ಅಂಗಡಿ, ಡಾಕ್ಟರು ಎಲ್ಲ ಸಿಗುತ್ತವೆ. ಬೀದಿಯಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಮಗು ಬಿದ್ದರೆ ಎತ್ತುವವರು ನಾಲ್ಕು ಜನ. ವಿನೋಬನಗರ, ಕೆ.ಟಿ.ಜೆ. ನಗರದ ಕಡೆ ಬಾಡಿಗೆ ಕೈಗೆಟುಕುತ್ತದೆ, ಮಧ್ಯಮ ವರ್ಗದ ನೌಕರರು ಜಾಸ್ತಿ, ಬೇಡ ಅನ್ನುವಂಥದ್ದೇನೂ ಇಲ್ಲ.

ದೂಡಾದವರು, ಅಂದರೆ ಇಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರದವರು, ಮಾಡಿದ ಜೆ.ಎಚ್. ಪಟೇಲ್ ಬಡಾವಣೆ ಥರದ ಹೊಸ ಲೇಔಟುಗಳಲ್ಲಿ ಅದೇ ಬಾಡಿಗೆಗೆ ದೊಡ್ಡ ಮನೆ ಸಿಗುತ್ತದೆ, ಬೆಂಗಳೂರಿನಿಂದ ಬಂದವರು ಅದಕ್ಕೇ ಮರುಳಾಗುತ್ತಾರೆ. ಹೋಗಿ ನೋಡಿ, ಆದರೆ ರಾತ್ರಿ ಎಂಟಕ್ಕೆ ನೋಡಿ. ಎರಡು ಮನೆ, ನಾಲ್ಕು ಖಾಲಿ ಸೈಟು, ನಡುವೆ ನಾಯಿಗಳ ಹಿಂಡು ಇರುವ ರಸ್ತೆಯಲ್ಲಿ ಹದಿಮೂರರ ಹುಡುಗಿ ಟ್ಯೂಷನ್ ಮುಗಿಸಿ ಒಬ್ಬಳೇ ಬರಬೇಕು ಅಂದರೆ ಆಮೇಲೆ ಡ್ರೈವರ್ ಕೆಲಸ ನಿಮ್ಮದೇ. ನೀರು ಯಾವ ಏರಿಯಾಗೆ ಹೋದರೂ ಕೇಳಿ. ಓನರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಕಾರ್ಪೊರೇಷನ್ ನೀರು ಎಷ್ಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ದೊಡ್ಡದು. ನೀರು ಬಿಡುವ ದಿನ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸುವುದು ಯಾವ ಯುದ್ಧಕ್ಕೂ ಕಡಿಮೆಯಿಲ್ಲ.

ಊರ ಹೊರಗೆ, ತೋಳಹುಣಸೆ ಕಡೆ ಮತ್ತು ಹೆದ್ದಾರಿಯ ಅಕ್ಕಪಕ್ಕ, ದೊಡ್ಡ ಮೈದಾನದ ಸ್ಕೂಲುಗಳಿವೆ. ಅವುಗಳಿಗೆ ಹಾಕಿದರೆ ಬಸ್ಸೇ ಗತಿ. ಆಗ ಸ್ಕೂಲಿನ ಹತ್ತಿರ ಮನೆ ಮಾಡುವುದಕ್ಕಿಂತ ಬಸ್ಸಿನ ರೂಟ್ ಕೇಳಿ, ಬೆಳಿಗ್ಗೆ ಕೊನೆಯಲ್ಲಿ ಹತ್ತಿಸಿಕೊಳ್ಳುವ ಸ್ಟಾಪಿನ ಹತ್ತಿರ ಮನೆ ಮಾಡಿ. ಮಗುವಿಗೆ ಮುಕ್ಕಾಲು ಗಂಟೆ ನಿದ್ದೆ ಉಳಿಯುತ್ತದೆ.

ಸ್ಕೂಲಿನ ಒಳಗೆ ಏನು ನೋಡಬೇಕು? ಇಲ್ಲಿ ನನ್ನ ಕೆಲಸದ ಗುಟ್ಟು ಹೇಳುತ್ತೇನೆ. ಸ್ಕೂಲುಗಳಿಗೆ ಹೋದಾಗ ನಾನು ಮೊದಲು ಕೇಳುತ್ತಿದ್ದದ್ದು ಮಕ್ಕಳ ನೋಟ್‌ಬುಕ್. ಟೀಚರ್ ಆರಿಸಿ ಕೊಟ್ಟಿದ್ದಲ್ಲ, ಮೂರನೇ ಬೆಂಚಿನಿಂದ ನಾನೇ ಎತ್ತಿಕೊಂಡದ್ದು. ಒಂದು ಕಡೆ, ಹೆಸರು ಬೇಡ, ಫೀಸು ಕೇಳಿದರೆ ಎದೆ ಒಡೆಯುವ ಜಾಗ, 7ನೇ ಕ್ಲಾಸಿನ ಹುಡುಗನ ಗಣಿತದ ನೋಟ್‌ಬುಕ್ ತೆಗೆದೆ. ಮುತ್ತಿನಂಥ ಅಕ್ಷರ. ಭಿನ್ನರಾಶಿ ಕೂಡುವ ಲೆಕ್ಕ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಅಂತ ಬರೆದಿದ್ದಾನೆ, ಮೇಲಿಂದ ಮೇಲೆ, ಕೆಳಗಿಂದ ಕೆಳಗೆ ಕೂಡಿಸಿಬಿಟ್ಟಿದ್ದಾನೆ. ಅದರ ಪಕ್ಕ ಕೆಂಪು ಶಾಯಿಯಲ್ಲಿ ದೊಡ್ಡ ಸರಿ ಗುರುತು. ಮುಂದಿನ ಪುಟದಲ್ಲೂ ಅದೇ ತಪ್ಪು, ಅದೇ ಸರಿ ಗುರುತು. ಕೆಳಗೆ "ಗುಡ್", ಸಹಿ, ತಾರೀಖು. ಜುಲೈನಿಂದ ನವೆಂಬರ್ ತನಕ ಆ ಹುಡುಗನ ಲೆಕ್ಕವನ್ನು ಒಬ್ಬರೂ ಓದಿರಲಿಲ್ಲ. ಕಟ್ಟಡ ನೋಡಿದರೆ ವಿಮಾನ ನಿಲ್ದಾಣ. ನೀವು ಹೋದಾಗ ಕೇಳಿ, "7ನೇ ಕ್ಲಾಸಿನ ಯಾವುದಾದರೂ ಮಗುವಿನ ನೋಟ್ಸ್ ನೋಡಬಹುದಾ?" ಕೊಡುವುದಿಲ್ಲ ಅಂದರೂ ಹೇಗೆ ಕೊಡುವುದಿಲ್ಲ ಅನ್ನುತ್ತಾರೆ ಅನ್ನುವುದರಲ್ಲೇ ಗೊತ್ತಾಗುತ್ತದೆ.

ಫಲಿತಾಂಶದ ಫ್ಲೆಕ್ಸ್ ನಂಬಬೇಡಿ. ಮೇ ತಿಂಗಳಲ್ಲಿ ನಮ್ಮೂರಿನ ಸರ್ಕಲ್ಲುಗಳಲ್ಲಿ ಮಕ್ಕಳ ಫೋಟೋ ಬಿಟ್ಟರೆ ಆಕಾಶ ಕಾಣುವುದಿಲ್ಲ. ಒಂದೇ ಹುಡುಗಿಯ ಫೋಟೋ ಸ್ಕೂಲಿನ ಫ್ಲೆಕ್ಸಿನಲ್ಲೂ ಇರುತ್ತದೆ, ಟ್ಯೂಷನ್ನಿನ ಫ್ಲೆಕ್ಸಿನಲ್ಲೂ ಇರುತ್ತದೆ. "ಶೇ 100 ಫಲಿತಾಂಶ" ಅಂದರೆ ಕೇಳಬೇಕಾದ್ದು ಒಂದೇ, 9ರಲ್ಲಿ ಎಷ್ಟು ಮಕ್ಕಳಿದ್ದರು, 10ರಲ್ಲಿ ಎಷ್ಟು ಜನ ಪರೀಕ್ಷೆಗೆ ಕೂತರು? ಎಪ್ಪತ್ತು ಜನರಲ್ಲಿ ಐವತ್ತೆಂಟು ಉಳಿದಿದ್ದರೆ ಉಳಿದ ಹನ್ನೆರಡು ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿರಬಹುದು. ಪ್ರತಿ ಸ್ಕೂಲಿಗೂ 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಸಂಖ್ಯೆ ಇದೆ. ಅದನ್ನು ಹಿಡಿದು ಯು-ಡೈಸ್ ಪ್ಲಸ್‌ನ "ನೋ ಯುವರ್ ಸ್ಕೂಲ್" ಪುಟದಲ್ಲಿ ಮಕ್ಕಳೆಷ್ಟು, ಟೀಚರುಗಳೆಷ್ಟು, ಕೊಠಡಿ, ಶೌಚಾಲಯ ಎಷ್ಟು ಅಂತ ಮನೆಯಲ್ಲೇ ಕೂತು ನೋಡಬಹುದು. ಸ್ಕೂಲಿನವರೇ ತುಂಬಿದ ಮಾಹಿತಿ ಅನ್ನುವುದು ನೆನಪಿರಲಿ.

ಇನ್ನೆರಡು ಕೇಳಿ. ಈ ವರ್ಷ ಜೂನ್‌ನಿಂದ ಎಷ್ಟು ಟೀಚರುಗಳು ಬಿಟ್ಟು ಹೋದರು? ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀರು ಇರುತ್ತದಾ? ಎರಡನೆಯದನ್ನು ಕೇಳುವುದಕ್ಕಿಂತ ಹೋಗಿ ನೋಡಿ, ಮಗಳನ್ನೇ ಕಳಿಸಿ ನೋಡಿ. ನೀರು ಕುಡಿಯದೆ ಇಡೀ ದಿನ ಕೂತು ಸಂಜೆ ತಲೆನೋವು ಅಂತ ಮಲಗುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಮೇಲಿನ ಮಹಡಿಯಲ್ಲಿ ತಗಡಿನ ಶೀಟ್ ಹಾಕಿ ಕ್ಲಾಸ್ ಮಾಡಿದ್ದರೆ ಅದನ್ನೂ ಗಮನಿಸಿ, ಇಲ್ಲಿನ ಮಾರ್ಚ್ ಬಿಸಿಲು ರಾಜಾಜಿನಗರದ್ದಲ್ಲ.

ಸರ್ಕಾರಿ ಮತ್ತು ಅನುದಾನಿತ ಸ್ಕೂಲುಗಳನ್ನು ನೋಡದೆಯೇ ಬಿಡಬೇಡಿ. ನಾನು ಇಲಾಖೆಯವಳು ಅಂತ ಹೇಳುತ್ತಿಲ್ಲ, ಸ್ವಲ್ಪ ಅದೂ ಇದೆ ಅನ್ನಿ. ಕರ್ನಾಟಕ ಪಬ್ಲಿಕ್ ಸ್ಕೂಲುಗಳಲ್ಲಿ ಪ್ರೈಮರಿಯಿಂದ ಪಿಯುವರೆಗೆ ಒಂದೇ ಆವರಣ, ಎಷ್ಟೋ ಕಡೆ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ನೂ ಇದೆ, ಹಾಲು, ಬಿಸಿಯೂಟ, ಮೊಟ್ಟೆ ಎಲ್ಲ ಇದೆ. ಅಲ್ಲಿನ ಹೈಸ್ಕೂಲ್ ಟೀಚರುಗಳು ನೇಮಕಾತಿಯ ಸಿಇಟಿ ಬರೆದು ಬಂದವರು. ಒಬ್ಬ ಒಳ್ಳೆಯ ಹೆಡ್‌ಮಾಸ್ಟರ್ ಇದ್ದರೆ ಯಾವ ಖಾಸಗಿ ಸ್ಕೂಲಿಗೂ ಕಡಿಮೆಯಿಲ್ಲ. ಇಲ್ಲದಿದ್ದರೆ ಕಷ್ಟ, ಅದನ್ನೂ ಮುಚ್ಚಿಡುವುದಿಲ್ಲ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಸ್ಕೂಲಿನಿಂದ ಟಿಸಿ ತೆಗೆದುಕೊಳ್ಳುವ ಮೊದಲು ಇಲ್ಲಿ ಸೀಟು ಖಾತ್ರಿ ಮಾಡಿಕೊಳ್ಳಿ. ಎಸ್‌ಎಟಿಎಸ್ ಸಂಖ್ಯೆ, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ, ಕೇಳಿ ಬರೆದುಕೊಳ್ಳಿ, ಅದಿಲ್ಲದೆ ಇಲ್ಲಿ ಮಗುವನ್ನು ಆನ್‌ಲೈನಿನಲ್ಲಿ ಎಳೆದುಕೊಳ್ಳಲು ಆಗುವುದಿಲ್ಲ. ಆಧಾರ್, ಜನನ ಪ್ರಮಾಣಪತ್ರ, ಟಿಸಿ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್ ಒಂದೇ ಇದೆಯಾ ನೋಡಿ. ತಿದ್ದಿಸುವುದಿದ್ದರೆ ಈಗಲೇ. ಹತ್ತನೇ ಕ್ಲಾಸಿನ ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ) ಕಳಿಸುವ ಹೊತ್ತಿಗೆ ಓಡಾಡುವ ಅಪ್ಪಂದಿರನ್ನು ನೋಡಿದರೆ ಪಾಪ ಅನಿಸುತ್ತದೆ.

ಕೊನೆಗೆ ನಿಮ್ಮ ಮೇ ತಿಂಗಳ ಪ್ಲಾನು. ಅದನ್ನು ಬಿಟ್ಟುಬಿಡಿ. ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ ಶುರು, ಮೇ ಕೊನೆಗೆ ಸ್ಕೂಲು ತೆರೆಯುವುದು. ನಡುವೆ ಬಂದರೆ ನಿಮಗೆ ಕಾಣುವುದು ಅಡ್ಮಿಷನ್ ಕೌಂಟರು, ಎಸಿ, ಬಣ್ಣದ ಪುಸ್ತಕ. ಮಕ್ಕಳೇ ಇಲ್ಲದ ಸ್ಕೂಲಿನಲ್ಲಿ ನೋಡುವುದೇನು? ಪರೀಕ್ಷೆ ಶುರುವಾಗುವ ಮೊದಲು ಫೆಬ್ರವರಿಯಲ್ಲೇ ಒಂದು ದಿನ ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ. ಬೆಳಗಿನ ವಂದೇ ಭಾರತ್ ಹಿಡಿದರೆ ಹತ್ತರೊಳಗೆ ಇಲ್ಲಿರುತ್ತೀರಿ. ಬೆಣ್ಣೆ ದೋಸೆ ತಿಂದು ಎರಡು ಸ್ಕೂಲು ನೋಡಿ. ಮೂರಕ್ಕಿಂತ ಜಾಸ್ತಿ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಸ್ಕೂಲು ಬಿಡುವ ಹೊತ್ತಿಗೆ, ನಾಲ್ಕರಿಂದ ನಾಲ್ಕೂವರೆ, ನಿಮಗೆ ಇಷ್ಟವಾದ ಸ್ಕೂಲಿನ ಗೇಟಿನ ಎದುರು ಸುಮ್ನೆ ನಿಂತುಕೊಳ್ಳಿ. ಆಟೋದಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ, ಬ್ಯಾಗುಗಳು ಹೊರಗೆ ನೇತಾಡುತ್ತವಾ, ರಸ್ತೆ ದಾಟಿಸಲು ಯಾರಾದರೂ ನಿಂತಿದ್ದಾರಾ, ಟೀಚರುಗಳು ಮಕ್ಕಳ ಜೊತೆ ಮಾತಾಡುತ್ತಾ ಹೊರಬರುತ್ತಾರಾ ಅಥವಾ ಫೋನ್ ನೋಡುತ್ತಾ ಬರುತ್ತಾರಾ. ಒಬ್ಬಿಬ್ಬರು ಹುಡುಗಿಯರನ್ನು ಮಗಳೇ ಮಾತಾಡಿಸಲಿ. ನಿಮಗೆ ಹೇಳದ್ದನ್ನು ಅವಳಿಗೆ ಹೇಳುತ್ತಾರೆ.

ಆಮೇಲೆ ಅದೇ ಗೇಟಿನಿಂದ ನಡೆಯುತ್ತಾ ಹೋಗಿ, ಹದಿನೈದು ನಿಮಿಷದೊಳಗೆ ಎಲ್ಲೆಲ್ಲಿ "ಮನೆ ಬಾಡಿಗೆಗಿದೆ" ಬೋರ್ಡಿದೆ ನೋಡಿಕೊಂಡು ಫೋನ್ ನಂಬರ್ ಬರೆದುಕೊಳ್ಳಿ. ಶನಿವಾರ ಮಾತ್ರ ಬರಬೇಡಿ, ಅವತ್ತು ಬೆಳಗಿನ ಸ್ಕೂಲು, ನೀವು ದೋಸೆ ಮುಗಿಸಿ ಎರಡು ಕಡೆ ತಿರುಗುವಷ್ಟರಲ್ಲಿ ಮಕ್ಕಳೆಲ್ಲ ಮನೆ ಸೇರಿರುತ್ತಾರೆ.